ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮೂರು ಸಾವಿರ ಹುಳು

ಆ ಶುಕ್ರವಾರ ಮಧ್ಯಾಹ್ನ ಮೂಡಲಪಾಳ್ಯದಲ್ಲಿರುವ ನನ್ನ ಸೋದರಮಾವನ ಮನೆಯ ಹಾಲಿನಲ್ಲಿ ನಾವು ಹನ್ನೊಂದು ಜನ ಇದ್ದೆವು. ಕಲಶದ ಮೇಲೆ ಕೂತಿದ್ದ ವರಮಹಾಲಕ್ಷ್ಮಿಯನ್ನು ಸೇರಿಸಿದರೆ ಹನ್ನೆರಡು. ಹುಳುಗಳನ್ನೂ ಲೆಕ್ಕಕ್ಕೆ ಹಿಡಿಯುವುದಾದರೆ ಮೂರು ಸಾವಿರದ ಹನ್ನೆರಡು! ರೇಷ್ಮೆ ಹುಳು ಸ್ವಾಮೀ, ಜೀವಂತ ಹುಳು. ಊಟದ ಮೇಜಿನ ಮೇಲೆ, ದಿವಾನದ ಮೇಲೆ, ಟಿವಿಯ ಎದುರಿಗೆ, ಎಲ್ಲೆಲ್ಲೂ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳುಗಳು.

ಹನ್ನೊಂದು ಜನ ಯಾರ್ಯಾರು ಅಂತ ಹೇಳಿಬಿಡುತ್ತೇನೆ. ಹೊಸ ಸೀರೆ ಉಟ್ಟು ಮುಖ ಊದಿಸಿಕೊಂಡಿದ್ದ ನಮ್ಮತ್ತೆ. ನನ್ನ ಅಮ್ಮ, ನಾನು. ಪಕ್ಕದ ಮನೆಯ ಆಂಟಿ, ಅವರ ಸೊಸೆ. ಅರಿಸಿನ ಕುಂಕುಮಕ್ಕೆಂದು ಬಂದು ಸಿಕ್ಕಿಬಿದ್ದಿದ್ದ ನಾಲ್ವರು ಮುತ್ತೈದೆಯರು. ಬಾಗಿಲ ಹತ್ತಿರ ಮಾವನ ಆಫೀಸಿನ ಅಟೆಂಡರ್ ನಂಜಪ್ಪ. ಮೂಲೆಯಲ್ಲಿ ಅಳು ತಡೆದುಕೊಂಡು ಕೂತಿದ್ದ ಅಂಬಿಕಾ ಅನ್ನುವ ಹುಡುಗಿ. ಈ ಹುಳುಗಳೆಲ್ಲ ಅವಳವು. ಮಾವನನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ಅವರು ಗೇಟಿನಲ್ಲಿ ನಿಂತು, ಬಂದವರ ಬ್ಯಾಗಿನಲ್ಲಿ ಊದುಬತ್ತಿ ಇದೆಯೇ ಅಂತ ತಪಾಸಣೆ ಮಾಡುತ್ತಿದ್ದರು.

ನಮ್ಮ ಮಾವನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಲೋಕದಲ್ಲಿ ಎಲ್ಲರಿಗೂ ಅನಾಹುತ ಬಂದರೆ ಬೇಸರ. ನಮ್ಮ ಮಾವನಿಗೆ ಅನಾಹುತ ಹೇಳದೆ ಕೇಳದೆ ಬಂದರೆ ಮಾತ್ರ ಬೇಸರ! ಮುಂಚಿತವಾಗಿ ಪಟ್ಟಿಯಲ್ಲಿ ಹೆಸರು ಬರೆಸಿ ಬಂದ ಅನಾಹುತವನ್ನು ಅವರು ನೆಂಟರನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳುತ್ತಾರೆ. "ಒಂದು ವೇಳೆ" ಅನ್ನುವ ಎರಡು ಪದ ಬಿಟ್ಟು ಅವರು ಮಾತು ಶುರುಮಾಡಿದ್ದನ್ನು ನಾನಂತೂ ಕೇಳಿಲ್ಲ. ಒಂದು ವೇಳೆ ಬಸ್ಸು ಬರದಿದ್ದರೆ? ಒಂದು ವೇಳೆ ಗ್ಯಾಸ್ ಮುಗಿದರೆ? ಒಂದು ವೇಳೆ ಹಾಲಿನವನಿಗೆ ಹೊಟ್ಟೆನೋವು ಬಂದರೆ? ಹೀಗಾಗಿ ಅವರ ಮನೆಗೆ ಇಬ್ಬರು ಹಾಲಿನವರು. ಇಬ್ಬರೂ ಒಂದೇ ದಿನ ಬಂದಾಗ ಅತ್ತೆ ಪಾಯಸ ಮಾಡುತ್ತಾರೆ.

ನನ್ನ ಮದುವೆಯ ಉಸ್ತುವಾರಿ ಮಾವನದೇ. ಇಬ್ಬರು ಪುರೋಹಿತರು, ಎರಡು ತಂಡ ಓಲಗದವರು, ಎರಡು ಮಾಂಗಲ್ಯ. ಮುಹೂರ್ತಕ್ಕೆ ಸ್ವಲ್ಪ ಹೊತ್ತಿರುವಾಗ ನನ್ನ ಗಂಡ ಮಾವನ ಕೈಯಲ್ಲಿದ್ದ ಪಟ್ಟಿಯನ್ನು ಇಣುಕಿ ನೋಡಿದರಂತೆ. "ಪುರೋಹಿತರು, ಎರಡನೇ ಹೆಸರು ಇಂಥವರು. ಅಡುಗೆಯವರು, ಎರಡನೇ ಹೆಸರು ಇಂಥವರು. ವರ..." ಅಷ್ಟರಲ್ಲಿ ಮಾವ ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡುಬಿಟ್ಟರು. ಹನ್ನೊಂದು ವರ್ಷವಾಯಿತು. ನಮ್ಮಿಬ್ಬರಿಗೂ ಜಗಳ ಆದಾಗಲೆಲ್ಲ ನನ್ನ ಗಂಡ ಕೇಳುತ್ತಾರೆ: "ಅಲ್ಲಿ ಯಾರ ಹೆಸರಿತ್ತು ಅಂತ ನಿಮ್ಮಾವನ್ನ ಕೇಳಿದ್ಯೇನೇ?"

ಇಂಥ ಮನುಷ್ಯ ಒಂದು ವಿಶ್ವವಿದ್ಯಾಲಯದ ರೇಷ್ಮೆ ವಿಭಾಗದ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಯಾವ ವಿಶ್ವವಿದ್ಯಾಲಯ ಅನ್ನುವುದು ಬೇಡ. ಮಾವನಿಗೆ ಇನ್ನೂ ಪಿಂಚಣಿ ಬರಬೇಕು. ಅಲ್ಲಿಗೆ ಎರಡು ವರ್ಷದ ಹಿಂದೆ ಮೇಲಿನಿಂದ ಒಂದು ಸುತ್ತೋಲೆ ಬಂತು. "ಪ್ರತಿಯೊಂದು ವಿಭಾಗವೂ ತನ್ನ ಕಾರ್ಯ ನಿರಂತರತಾ ಯೋಜನೆಯನ್ನು ಸಿದ್ಧಪಡಿಸಿ ಸಲ್ಲಿಸತಕ್ಕದ್ದು." ಅಂದರೆ ಬೆಂಕಿ ಬೀಳಲಿ, ನೀರು ನುಗ್ಗಲಿ, ಕರೆಂಟು ಹೋಗಲಿ, ಮುಖ್ಯಸ್ಥರೇ ಆಸ್ಪತ್ರೆ ಸೇರಲಿ, ವಿಭಾಗದ ಕೆಲಸ ಮಾತ್ರ ನಿಲ್ಲಬಾರದು, ಹೇಗೆ ನಿಲ್ಲಿಸದೆ ನಡೆಸುತ್ತೀರಿ, ಬರೆದು ಕೊಡಿ ಅಂತ.

ಬೇರೆ ವಿಭಾಗದವರು ಏನು ಮಾಡಿದರು? ರಸಾಯನಶಾಸ್ತ್ರದವರು ಬರೆದದ್ದನ್ನು ಒಬ್ಬರಾದ ಮೇಲೆ ಒಬ್ಬರು ನಕಲು ಮಾಡಿ ಕಳಿಸಿದರು. ಇತಿಹಾಸ ವಿಭಾಗದ ಯೋಜನೆಯಲ್ಲಿ ಆಮ್ಲ ಚೆಲ್ಲಿದರೆ ಏನು ಮಾಡಬೇಕು ಅಂತ ಎರಡು ಪುಟ ಇದೆಯಂತೆ!

ಆದರೆ ನಮ್ಮ ಮಾವ ಸುತ್ತೋಲೆಯನ್ನು ಕಣ್ಣಿಗೊತ್ತಿಕೊಂಡರು. ಇಡೀ ಜೀವಮಾನ "ಒಂದು ವೇಳೆ" ಅಂದದ್ದಕ್ಕೆ ನಗೆಪಾಟಲಾದ ಮನುಷ್ಯನಿಗೆ ಸರ್ಕಾರಿ ಕಾಗದವೇ ಬಂದು "ಹೇಳಪ್ಪಾ, ಒಂದು ವೇಳೆ?" ಅಂತ ಕೇಳಿದರೆ ಹೇಗಾಗಬೇಡ! ಮೂರು ತಿಂಗಳು ಕೂತು ನೂರಾ ಅರವತ್ತು ಪುಟ ಬರೆದರು. ವಿಭಾಗದ ಒಂದೊಂದು ಕೆಲಸಕ್ಕೂ ಮೂರು ಹೆಸರು. ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಅವರೂ ಇಲ್ಲದಿದ್ದರೆ ಮೂರನೆಯವರು. ಈ ಹೆಸರುಗಳಿಗಾಗಿ ಅವರು ಒಬ್ಬೊಬ್ಬರನ್ನೇ ಕರೆದು ವಿಚಾರಣೆ ಮಾಡಿದರು. ನಂಜಪ್ಪನ ಸರದಿ ಬಂದಾಗ ನಡೆದ ಮಾತನ್ನು ನಂಜಪ್ಪನೇ ನನಗೆ ಹೇಳಿದ್ದು:

"ನಂಜಪ್ಪ, ಒಂದು ವೇಳೆ ನೀನು ಬರದಿದ್ರೆ ಬೆಲ್ ಹೊಡೆಯೋರು ಯಾರು?"

"ಹೊಡೀದಿದ್ರೂ ಮಕ್ಳು ಎದ್ದು ಹೋಗ್ತವೆ ಸಾ."

"ಒಳಗೆ ಬರೋಕೆ?"

"ಹೊಡೆದ್ರೂ ಬರಾಕಿಲ್ಲ ಸಾ."

ಮಾವ ಇದನ್ನೂ ಬರೆದುಕೊಂಡರು.

ಬರೆದರಷ್ಟೇ ಸಾಕೇ? ಪರೀಕ್ಷೆ ಆಗಬೇಡವೇ? ಒಂದು ಸೋಮವಾರ ಹತ್ತರಿಂದ ಹನ್ನೆರಡರವರೆಗೆ ತಾಲೀಮು ಅಂತ ಮಾವ ನೋಟೀಸು ಹಾಕಿದರು. ನಿಯಮ ಏನೆಂದರೆ, ಆ ಎರಡು ಗಂಟೆ ಮೊದಲನೇ ಹೆಸರಿನವರೆಲ್ಲ ಇಲ್ಲ ಅಂತ ಲೆಕ್ಕ. ಎಲ್ಲ ಕೆಲಸವನ್ನೂ ಎರಡನೇ ಹೆಸರಿನವರೇ ಮಾಡತಕ್ಕದ್ದು. ಅದರಂತೆ ವಿಭಾಗದ ಮುಖ್ಯಸ್ಥೆ ಮೇಡಂ ಬೆಲ್ ಹೊಡೆದರು. ಪ್ರೊಫೆಸರೊಬ್ಬರು ಟಪಾಲು ಹಂಚಲು ಹೋಗಿ ದಾರಿ ತಪ್ಪಿ ಭೂಗೋಳ ವಿಭಾಗದಲ್ಲಿ ಕಾಫಿ ಕುಡಿಯುತ್ತಾ ಕೂತರು. ಹುಳು ಸಾಕುವ ಪ್ರಾಯೋಗಿಕ ತರಗತಿಗೆ ಎರಡನೇ ಹೆಸರು ನಂಜಪ್ಪ. ಅವನು ಊರಿನಲ್ಲಿ ತಾತನ ಕಾಲದಿಂದ ಹುಳು ಸಾಕಿದ ಮನೆಯವನು. ಎರಡು ಗಂಟೆ ಪಾಠ ಹೇಳಿದ. ಮಾರನೆಯ ದಿನ ಮಕ್ಕಳೆಲ್ಲ ಸಹಿ ಹಾಕಿ "ಎರಡನೇ ಹೆಸರಿನವರೇ ಬರಲಿ" ಅಂತ ಮನವಿ ಕೊಟ್ಟರು. ಮೊದಲನೇ ಹೆಸರಿನ ಮೇಷ್ಟರು ಒಂದು ವಾರ ಮಾವನ ಜೊತೆ ಮಾತು ಬಿಟ್ಟರು.

ತಾಲೀಮು ನಡೆಯುತ್ತಿದ್ದ ಆ ಹೊತ್ತಿಗೇ ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬರಬೇಕೇ! ಮಾವ ಸ್ವತಃ ಮೊದಲನೇ ಹೆಸರು ನೋಡಿ; ನಿಯಮದ ಪ್ರಕಾರ ಇಲ್ಲದವರು. ಹೊಂಗೆ ಮರದ ಕೆಳಗೆ ಕಲ್ಲು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು.

"ಏನ್ರೀ, ಇಲ್ಲಿ ಸೂಪರಿಂಟೆಂಡೆಂಟ್ ಯಾರು?"

ಮಾವ ತಲೆಯೆತ್ತಿ ಹೊಂಗೆ ಮರ ನೋಡಿದರು.

"ನಿಮ್ಮನ್ನೇ ಕೇಳ್ತಿರೋದು. ಸೂಪರಿಂಟೆಂಡೆಂಟ್ ಎಲ್ಲಿದಾರೆ?"

"ಹನ್ನೆರಡು ಗಂಟೆವರೆಗೆ ಇಲ್ಲ ಸಾರ್," ಅಂದರಂತೆ ಮಾವ. "ಆಮೇಲೆ ಬನ್ನಿ, ಇರ್ತೀನಿ."

ಇದಕ್ಕೆ ಒಂದು ಮೆಮೊ ಬಂತು. ಮಾವ ಆ ಮೆಮೊವನ್ನು ಯೋಜನೆಯ ಕೊನೆಗೆ ಅನುಬಂಧವಾಗಿ ಸೇರಿಸಿ ಹೊಲಿಸಿದರು.

ಇನ್ನು ಹುಳುಗಳ ವಿಷಯಕ್ಕೆ ಬರುತ್ತೇನೆ. ಕೆಲವು ಜಾತಿಯ ರೇಷ್ಮೆ ಹುಳುವಿನ ಮೊಟ್ಟೆಯನ್ನು ತಂಪಿನಲ್ಲಿಟ್ಟು ತಿಂಗಳುಗಟ್ಟಲೆ ಮಲಗಿಸಬಹುದಂತೆ. ಅಂಬಿಕಾಳದ್ದು ಮಲಗುವ ಜಾತಿಯಲ್ಲ. ಇಟ್ಟ ಮೊಟ್ಟೆ ಹತ್ತು ಹನ್ನೆರಡು ದಿನಕ್ಕೆ ಒಡೆಯಲೇಬೇಕು. ಹುಳು, ಗೂಡು, ಚಿಟ್ಟೆ, ಮತ್ತೆ ಮೊಟ್ಟೆ. ವರ್ಷವಿಡೀ ತಿರುಗುತ್ತಲೇ ಇರಬೇಕು. ಅಂಬಿಕಾ ನಾಲ್ಕು ವರ್ಷದಿಂದ ಗಟ್ಟಿ ಗೂಡು ಕಟ್ಟಿದವನ್ನೇ ಆರಿಸಿ ಆರಿಸಿ ಒಂದು ವಂಶ ಬೆಳೆಸಿಕೊಂಡು ಬಂದಿದ್ದಳು. ಅವಳ ಪಿಎಚ್.ಡಿ. ಅಂದರೆ ಆ ವಂಶವೇ. ಒಂದೇ ಒಂದು ತಲೆಮಾರು ಕೈತಪ್ಪಿದರೆ ನಾಲ್ಕು ವರ್ಷ ನೀರುಪಾಲು. ಹೊಸದಾಗಿ ಶುರುಮಾಡೋಣವೆಂದರೆ ಫೆಲೋಶಿಪ್ಪಿನ ಅವಧಿ ಇದ್ದದ್ದು ಇನ್ನು ಐದೇ ತಿಂಗಳು.

ಹಬ್ಬದ ಹಿಂದಿನ ಸಂಜೆ ಸುರಿದ ಮಳೆಗೆ ವಿಭಾಗದ ಹುಳುಮನೆಯೊಳಗೆ ಮೊಣಕಾಲುದ್ದ ಚರಂಡಿ ನೀರು ನುಗ್ಗಿತು. ತಟ್ಟೆಗಳನ್ನು ನಂಜಪ್ಪ ಮೇಲಿನ ಅಟ್ಟಣಿಗೆಗಳಿಗೆ ಏರಿಸಿದ್ದರಿಂದ ಹುಳು ಬದುಕಿದ್ದವು. ಆದರೆ ಕರೆಂಟಿಲ್ಲ, ಗಾಳಿಯಿಲ್ಲ, ನೆಲದ ತುಂಬ ಕೊಳಚೆ. ಹುಳುಗಳು ಕೊನೆಯ ಹಂತದಲ್ಲಿದ್ದವು. ಇನ್ನು ಮೂರು ದಿನ ಹೊಟ್ಟೆ ತುಂಬ ತಿಂದರೆ ಗೂಡು ಕಟ್ಟುತ್ತವೆ. ಅಲ್ಲೇ ಬಿಟ್ಟರೆ ಆ ಮೂರು ದಿನ ದಾಟುವುದಿಲ್ಲ ಅಂದಳು ಅಂಬಿಕಾ.

ಮಾವ ಶುಕ್ರವಾರ ಬೆಳಿಗ್ಗೆಯೇ ಯೋಜನೆಯನ್ನು ತೆರೆದರು. ಪುಟ ಎಪ್ಪತ್ತೊಂದು. "ಹುಳುಮನೆ ಬಳಕೆಗೆ ಬಾರದಾದಲ್ಲಿ ಪರ್ಯಾಯ ಸ್ಥಳ: ಸೂಪರಿಂಟೆಂಡೆಂಟರ ಮನೆ, ಮೂಡಲಪಾಳ್ಯ. ಉಸ್ತುವಾರಿ: ಸೂಪರಿಂಟೆಂಡೆಂಟರ ಪತ್ನಿ." ಕೆಳಗೆ ಮುಖ್ಯಸ್ಥರ ಸಹಿ, ಮೊಹರು ಎಲ್ಲ ಇದ್ದವು. ಇಲ್ಲದಿದ್ದದ್ದು ಒಂದೇ. ಈ ವಿಷಯ ಸೂಪರಿಂಟೆಂಡೆಂಟರ ಪತ್ನಿಗೆ ಗೊತ್ತಿರಲಿಲ್ಲ!

ಅತ್ತೆ ಕಲಶಕ್ಕೆ ಸೀರೆ ಉಡಿಸಿ ನೆರಿಗೆ ಹಿಡಿಯುತ್ತಿದ್ದಾಗ ಗೇಟಿನ ಮುಂದೆ ಗೂಡ್ಸ್ ಆಟೋ ನಿಂತಿತು. ನಾನು ಗೋವಿಂದರಾಜನಗರದಿಂದ ಅಮ್ಮನನ್ನು ಕರೆದುಕೊಂಡು ಆಗಷ್ಟೇ ಬಂದಿದ್ದೆ. ಒಂದಾದ ಮೇಲೊಂದು ಹನ್ನೆರಡು ತಟ್ಟೆ ಒಳಗೆ ಬಂದವು. ಅತ್ತೆ ನೆರಿಗೆ ಬಿಟ್ಟು ಎದ್ದರು.

"ರೀ, ಏನ್ರೀ ಇದು?"

"ಪುಟ ಎಪ್ಪತ್ತೊಂದು."

"ನಾನು ಕೇಳಿದ್ದು ಪುಟ ಅಲ್ಲ. ಹಬ್ಬದ ದಿನ ಮನೆಗೆ ಹುಳ ತಂದಿದೀರಲ್ಲ, ನಿಮಗೆ ಬುದ್ಧಿ ನೆಟ್ಟಗಿದೆಯಾ?"

ಮಾವ ಪುಟ ಓದಿದರು. ಅತ್ತೆ ಕೇಳಿಸಿಕೊಂಡರು.

"ನನ್ನ ಹೆಸರು ಬರೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ? ಮೂವತ್ತು ವರ್ಷದಿಂದ ಒಂದೇ ಮನೇಲಿ ಇದೀವಲ್ಲ!"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಬೇಡ ಅಂದ್ಮೇಲೂ ಬರೆದ್ರೆ ತಪ್ಪಾಗ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಅತ್ತೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಾವ ಒಂದೊಂದೇ ನಿಯಮ ಹೇಳಲು ಶುರುಮಾಡಿದರು. ರೇಷ್ಮೆ ಹುಳು ಬಹಳ ಸೂಕ್ಷ್ಮ. ಊದುಬತ್ತಿ ಆಗದು, ಸಾಂಬ್ರಾಣಿ ಆಗದು, ಸೊಳ್ಳೆಬತ್ತಿ ಹಚ್ಚಿದರಂತೂ ಸರ್ವನಾಶ. ಒಗ್ಗರಣೆಯ ಹೊಗೆ ಬರಕೂಡದು. ಸೆಂಟು ಹಾಕಿಕೊಂಡವರು ಕಾಂಪೌಂಡಿನಾಚೆ.

"ಒಗ್ಗರಣೆ ಇಲ್ದೆ ಕೋಸಂಬರಿ ಹೆಂಗ್ರೀ ಮಾಡೋದು?" ಅಂದರು ಅತ್ತೆ.

"ಕೋಸಂಬರಿ ಮಾಡು, ಒಗ್ಗರಣೆ ಪಕ್ಕದ ಮನೇಲಿ ಹಾಕಿಸ್ಕೊಂಡು ಬಾ."

ಹಾಗೇ ಆಯಿತು! ಅತ್ತೆ ಸೌಟಿನಲ್ಲಿ ಎಣ್ಣೆ, ಸಾಸಿವೆ ಹಿಡಿದು ಪಕ್ಕದ ಮನೆಗೆ ಹೋಗಿ ಚಟಪಟ ಅನ್ನಿಸಿಕೊಂಡು ಓಡೋಡಿ ಬಂದರು. ಕರ್ಪೂರದ ಆರತಿಯನ್ನು ಗೇಟಿನ ಆಚೆ ನಿಂತು ಬೆಳಗಿ, ಕಿಟಕಿಯಿಂದ ದೇವಿಗೆ ತೋರಿಸಿದರು. ಇರುವೆ ಹತ್ತದಿರಲಿ ಅಂತ ಮಾವ ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟಿದ್ದರು. ಅತ್ತೆ ಬಗ್ಗಿ ನೋಡಿದರೆ ಅವರ ತವರಿನ ಬೆಳ್ಳಿ ಬಟ್ಟಲುಗಳು! ಪೂಜೆಗೆಂದು ಬೆಳಗಿ ಇಟ್ಟವು. ಅತ್ತೆ ದೇವಿಯ ಮುಖ ನೋಡಿ, "ನೀನೇ ನೋಡ್ಕೋ ತಾಯಿ" ಅಂದರು. ದೇವಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಹುಳುಗಳ ವಿರುದ್ಧ ಮಾತಾಡಲು ಅವಳಿಗೆ ಯಾವ ಬಾಯಿ ಇತ್ತು?

ಆಟೋದಲ್ಲೇ ತಂದಿದ್ದ ಹಿಪ್ಪುನೇರಳೆ ಸೊಪ್ಪು ಹಾಕಿದೊಡನೆ ಮೂರು ಸಾವಿರ ಬಾಯಿ ಒಟ್ಟಿಗೆ ಮೇಯಲು ಶುರುಮಾಡಿದವು. ಅಡುಗೆಮನೆಯಲ್ಲಿದ್ದ ಅಮ್ಮ, "ಮಳೆ ಬಂತು ಕಣ್ರೇ, ಬಟ್ಟೆ ತೆಗೀರೇ!" ಅಂತ ಕೂಗಿದರು. ನಾನು ಮಹಡಿಗೆ ಓಡಿದೆ. ಮೇಲೆ ಬಿಸಿಲು!

ಆ ಸೊಪ್ಪು ಹನ್ನೊಂದು ಗಂಟೆಗೆ ಮುಗಿಯಿತು. ವಿಭಾಗದ ತೋಟ ನೀರಿನಲ್ಲಿ ಮುಳುಗಿತ್ತು. ಯೋಜನೆಯಲ್ಲಿ ಎರಡನೇ ಹೆಸರು ಕೆಂಗೇರಿ ಆಚೆಯ ಒಬ್ಬ ರೈತರದು. ಪುಣ್ಯಾತ್ಮರು ಮೂರು ಮೂಟೆ ಸೊಪ್ಪು ಕಳಿಸಿಯೇಬಿಟ್ಟರು. ಮಾವ ಎದೆಯುಬ್ಬಿಸಿ ಮೂಟೆ ಬಿಚ್ಚಿದರು. ಅಂಬಿಕಾ ಒಂದು ಎಲೆ ಕೈಗೆತ್ತಿಕೊಂಡಳು, ಕೈ ಒದ್ದೆಯಾಯಿತು. ಅವಳ ಮುಖ ಸಪ್ಪಗಾಯಿತು.

"ಸಾರ್, ಇದು ಹಾಕೋಕಾಗಲ್ಲ. ಒದ್ದೆ ಸೊಪ್ಪು ತಿಂದ್ರೆ ರೋಗ ಬರುತ್ತೆ. ಒಂದಕ್ಕೆ ಬಂದ್ರೆ ಎಲ್ಲಕ್ಕೂ."

"ಒಣಗಿಸೋಣ."

"ಬಿಸಿಲಿಗೆ ಹಾಕಿದ್ರೆ ಬಾಡುತ್ತೆ ಸಾರ್. ಬಾಡಿದ್ದನ್ನ ತಿನ್ನಲ್ಲ. ಒಂದೊಂದೇ ಎಲೆ ಒರೆಸ್ಬೇಕು. ಮೂರು ಮೂಟೆ... ಯಾರು ಒರೆಸ್ತಾರೆ?"

ಮಾವ ಯೋಜನೆಯ ಪುಟ ತಿರುವಿದರು. ಎಲೆ ಒರೆಸುವುದು ಅನ್ನುವ ಕೆಲಸವೇ ಅದರಲ್ಲಿ ಇರಲಿಲ್ಲ. ಹುಡುಗಿ ಅಲ್ಲೇ ಮೂಲೆಯಲ್ಲಿ ಕುಸಿದು ಕೂತಳು. ನಾಲ್ಕು ವರ್ಷದಿಂದ ಅವಳು ಊರಿನ ಒಂದು ಮದುವೆಗೂ ಹೋಗಿರಲಿಲ್ಲವಂತೆ. ಹುಳು ಬಿಟ್ಟು ಹೇಗೆ ಹೋಗುವುದು?

ಅತ್ತೆ ಅವಳನ್ನೇ ನೋಡುತ್ತಿದ್ದರು. ಸಿಟ್ಟು ಇಳಿದಿರಲಿಲ್ಲ, ಅದು ಬೇರೆ ಮಾತು.

"ಪುಟ್ಟೀ," ಅಂದರು ನನಗೆ, "ಬೀರುವಿನಲ್ಲಿರೋ ಟವಲ್ ಎಲ್ಲ ತೆಗಿ. ಹಳೇ ಪಂಚೆ, ಹತ್ತಿ ಸೀರೆ, ಎಲ್ಲಾ. ಈಗ ಕುಂಕುಮಕ್ಕೆ ಹೆಂಗಸ್ರು ಬರ್ತಾರಲ್ಲ?"

ಇದೇ ನೋಡಿ ನಾನು ಮೊದಲು ಹೇಳಿದ ದೃಶ್ಯ. ಬಂದ ಮುತ್ತೈದೆಯರಿಗೆ ಅತ್ತೆ ಮೊದಲು ಅರಿಸಿನ ಕುಂಕುಮ ಕೊಟ್ಟರು. ಆಮೇಲೆ ತಾಂಬೂಲ ಕೊಡುವ ಬದಲು ಒಂದು ಟವಲ್ಲು, ಒಂದು ಮೊರ ಎಲೆ ಕೊಟ್ಟು, "ಇಷ್ಟು ಒರೆಸಿಕೊಡ್ರಮ್ಮ, ಆಮೇಲೆ ತಾಂಬೂಲ" ಅಂದರು. ಬಂದವರು ಬೆಪ್ಪಾದರು. ಜರತಾರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೂತರು. ಒಬ್ಬಾಕೆ ಮೊದಲು ಹುಳು ನೋಡಿ ಕಿರುಚಿ, ಹತ್ತು ನಿಮಿಷಕ್ಕೆಲ್ಲ "ಇದು ಯಾಕೋ ಸರಿಯಾಗಿ ತಿಂತಿಲ್ಲ ಕಣ್ರೀ" ಅಂತ ಒಂದು ಹುಳುವಿನ ಪರವಾಗಿ ದೂರು ಹೇಳಲು ಶುರುಮಾಡಿದರು. ಪಕ್ಕದ ಮನೆಯ ಆಂಟಿ ಸೊಸೆಗೆ, "ಬೆನ್ನು ಕಡೆ ಒರೆಸೇ, ಬೆನ್ನು ಕಡೆ. ಮನೇಲಿ ತಟ್ಟೆನೂ ಹಿಂಗೇ ತೊಳೀತೀಯ" ಅಂದರು. ಸೊಸೆ ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಮಾವ ಗೇಟಿನಿಂದ ಕೂಗಿದರು: "ಕೈ ತೊಳ್ಕೊಂಡಿದೀರಾ ಎಲ್ಲರೂ? ಒಂದು ವೇಳೆ..."

ನಾವೆಲ್ಲ ಗೊಳ್ಳೆಂದು ನಕ್ಕೆವು. ನಾನಂತೂ, "ಈ ಮಾವನ್ನ ಹುಟ್ಟಿಸುವಾಗ ದೇವರು ಎರಡು ಸಲ ಚೆಕ್ ಮಾಡಿರ್ಬೇಕು" ಅಂದೆ.

ನಂಜಪ್ಪ ಮಾತ್ರ ನಗಲಿಲ್ಲ. ಎಲೆ ಒರೆಸುತ್ತಲೇ ಸಣ್ಣ ದನಿಯಲ್ಲಿ ಹೇಳಿದ:

"ನಗಬ್ಯಾಡಿ ಅವ್ವಾ. ಅವ್ರು ಮೊದ್ಲು ಹಿಂಗಿರ್ಲಿಲ್ಲ. ನಾನೂ ಅವ್ರೂ ಒಂದೇ ವರ್ಸ ಕೆಲ್ಸಕ್ಕೆ ಸೇರಿದ್ದು. ಆವಾಗ ಅವ್ರು ಹೊಸ ಕ್ಲರ್ಕು. ಮಾದೇವ ಅಂತ ಒಬ್ಬ ಹುಡ್ಗ ಇದ್ದ, ಚನ್ನಪಟ್ಣದ ಕಡೆಯೋನು. ಈ ಅಮ್ಮನ ಥರನೇ ಹುಳ ಸಾಕ್ತಿದ್ದ, ಬಲೇ ಹುಡ್ಗ. ಇವ್ರು ಯಾವ್ದೋ ಮದ್ವೆಗೆ ಅಂತ ನಾಕು ದಿನ ರಜ ಹಾಕೋದ್ರು. ಹುಳಮನೆ ಬೀಗದ ಕೈ ಇವ್ರ ಜೋಬಲ್ಲೇ ಹೊಂಟೋಯ್ತು."

"ಬೀಗ ಒಡೀಬಾರದಿತ್ತಾ?" ಅಂದಳು ಅಂಬಿಕಾ.

"ಸರ್ಕಾರಿ ಬೀಗ ಕಣವ್ವ, ಯಾರು ಒಡೀತಾರೆ? ಡಿಪಾರ್ಟ್‌ಮೆಂಟಿನ ಎಡ್ಡು ಸಾಹೇಬ್ರು ಊರಲ್ಲಿಲ್ಲ. ಆವಾಗ ಮೊಬೈಲಾ ಏನಾ? ಆ ಹುಡ್ಗ ಕಿಟಕಿ ಸಂದಿಂದ ಎಲೆ ತೂರಿಸ್ತಿದ್ದ. ಮೂರ್ನೇ ದಿನ ಒಡೆದ್ವಿ. ಏನೂ ಉಳೀಲಿಲ್ಲ. ಇವ್ರು ಬಂದ್ಮೇಲೆ ಆ ಹುಡ್ಗ ಬೈಲೂ ಇಲ್ಲ. ಪುಸ್ತಕ ಎಲ್ಲ ಕಟ್ಕಂಡು, ಬತ್ತೀನಿ ಸಾರ್ ಅಂತ ಊರಿಗೆ ಹೊಂಟೋದ. ಅವತ್ತಿಂದ ನೋಡಿ, ಇವ್ರು ಹಿಂಗೆ."

ನನ್ನ ಅಮ್ಮ ಒರೆಸುತ್ತಿದ್ದ ಕೈ ನಿಲ್ಲಿಸಿದರು.

"ಯಾವ ವರ್ಷ ನಂಜಪ್ಪ?"

ನಂಜಪ್ಪ ಹೇಳಿದ. ಅಮ್ಮ ಕೈಯಲ್ಲಿದ್ದ ಎಲೆಯನ್ನು ಮೊರಕ್ಕೆ ಹಾಕಿದರು. ಆ ವರ್ಷ ನಮ್ಮ ಮನೆಯಲ್ಲಿ ಮಾವ ನಾಲ್ಕು ದಿನ ರಜ ಹಾಕಿ ಓಡಾಡಿದ ಮದುವೆ ಒಂದೇ. ನನ್ನ ಅಪ್ಪ ಅಮ್ಮನದು.

ನಾನು ಗೇಟಿನ ಕಡೆ ನೋಡಿದೆ. ಮಾವ ಯಾರದೋ ಚೀಲದೊಳಕ್ಕೆ ಮೂಗು ತೂರಿಸಿ ವಾಸನೆ ನೋಡುತ್ತಿದ್ದರು.

ಎರಡು ಮೂಟೆ ಒರೆಸಿ ಮುಗಿಯುವ ಹೊತ್ತಿಗೆ ಐದು ಗಂಟೆ. ಆಗ ಬೀದಿಯ ತುದಿಯಿಂದ ಡರ್ರ್ ಅಂತ ಸದ್ದು ಕೇಳಿತು. ಬಿಳಿ ಹೊಗೆ ಮೋಡದ ಹಾಗೆ ನಮ್ಮ ಕಡೆಗೇ ಬರುತ್ತಿತ್ತು. ಸೊಳ್ಳೆಗೆ ಹೊಗೆ ಹಾಕುವವನು! ಹೆಗಲಿಗೆ ಮಿಷಿನ್ನು ನೇತುಹಾಕಿಕೊಂಡು ಮನೆಮನೆಯ ಮುಂದೆ ಬಿಡುತ್ತಾ ಬರುತ್ತಿದ್ದ.

ಅಂಬಿಕಾ ಬಿಳಿಚಿಕೊಂಡಳು. "ಸಾರ್, ಆ ಹೊಗೆ ಒಳಗೆ ಬಂದ್ರೆ ಹತ್ತು ನಿಮಿಷ ಸಾಕು. ಒಂದೂ ಉಳಿಯಲ್ಲ."

ಕಿಟಕಿ ಹಾಕಿ, ಬಾಗಿಲು ಹಾಕಿ ಅಂತ ಎಲ್ಲರೂ ಎದ್ದೆವು. ಹಳೇ ಮನೆ, ಮೇಲಿನ ಗವಾಕ್ಷಿಗಳಿಗೆ ಬಾಗಿಲೇ ಇಲ್ಲ. ಮಾವ ಯೋಜನೆ ತೆಗೆದು ಪುಟ ತಿರುವತೊಡಗಿದರು. ನೀರು, ಬೆಂಕಿ, ಕರೆಂಟು, ಬಂದ್, ಸಾಂಕ್ರಾಮಿಕ, ಇರುವೆ, ಹಲ್ಲಿ... ಹೊಗೆ ಇಲ್ಲ. ಮತ್ತೆ ಮೊದಲಿನಿಂದ ತಿರುವಿದರು.

ಅತ್ತೆ ಬರಿಗಾಲಿನಲ್ಲೇ ಹೊರಗೆ ಹೋದರು. ಹೊಸ ಸೀರೆ, ಮುಡಿ ತುಂಬ ಮಲ್ಲಿಗೆ, ರಸ್ತೆಯ ನಟ್ಟನಡುವೆ ಕೈ ಅಡ್ಡ ಚಾಚಿ ನಿಂತರು.

"ನಿಲ್ಸಪ್ಪಾ! ಮಿಷಿನ್ ಆಫ್ ಮಾಡು!"

"ಡೆಂಗ್ಯೂ ಆಂಟಿ, ಎಲ್ಲಾ ರೋಡಿಗೂ ಹಾಕ್ಬೇಕು. ಸೈಡಿಗೆ ಬನ್ನಿ."

"ಮನೇಲಿ ಹಸುಗೂಸುಗಳಿವೆ ಕಣಪ್ಪ. ಈ ಹೊಗೆ ಆಗಲ್ಲ."

"ಬಾಗ್ಲು ಹಾಕ್ಕೊಳಿ ಆಂಟಿ, ಐದು ನಿಮಿಷ. ಎಷ್ಟಿವೆ ಮಕ್ಳು?"

"ಮೂರು ಸಾವಿರ."

ಅವನು ಮಿಷಿನ್ ಆಫ್ ಮಾಡಿದ. ಹೆದರಿಕೊಂಡೇ ಮಾಡಿರಬೇಕು; ಹಬ್ಬದ ದಿನ ಸರ್ವಾಲಂಕಾರ ಮಾಡಿಕೊಂಡ ಹೆಂಗಸೊಬ್ಬಳು ನಡುರಸ್ತೆಯಲ್ಲಿ ನಿಂತು ಮೂರು ಸಾವಿರ ಮಕ್ಕಳಿವೆ ಅಂದರೆ ಯಾರಿಗೆ ತಾನೇ ಹೆದರಿಕೆಯಾಗದು? ಅತ್ತೆ ಅವನನ್ನು ಕಿಟಕಿಯ ಹತ್ತಿರ ಕರೆತಂದು ತೋರಿಸಿದರು. ಅವನು ನೋಡಿದ. "ಅಯ್ಯೋ, ಇವಾ?" ಅಂದ. ಅತ್ತೆ ಬಾಳೆಎಲೆಯಲ್ಲಿ ಎರಡು ಒಬ್ಬಟ್ಟು, ಕೋಸಂಬರಿ ಹಾಕಿ ಕೊಟ್ಟರು. ಅವನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ತಿಂದು, "ನಿಮ್ಮ ರೋಡು ಬುಧವಾರ ಮಾಡ್ತೀನಿ ಬಿಡಿ ಆಂಟಿ" ಅಂತ ಹೇಳಿ ಹಿಂದಕ್ಕೆ ತಿರುಗಿದ. ಆ ವಾರ ನಮ್ಮ ರಸ್ತೆಯ ಸೊಳ್ಳೆಗಳಿಗೂ ಹಬ್ಬವೋ ಹಬ್ಬ!

ಅತ್ತೆ ಒಳಗೆ ಬಂದಾಗ ಮಾವ ಯೋಜನೆಯ ಖಾಲಿ ಪುಟ ತೆರೆದು ಪೆನ್ನು ಹಿಡಿದು ನಿಂತಿದ್ದರು. "ಹೊಗೆ" ಅಂತ ಬರೆದಾಗಿತ್ತು. ಪಕ್ಕದ ಜಾಗ ಖಾಲಿ.

"ಬರೀಲೇನೇ?" ಅಂತ ಕೇಳಿದರು.

"ಈಗ ಕೇಳ್ತೀರಾ!" ಅಂದರು ಅತ್ತೆ, ಕಾಲು ಒರೆಸಿಕೊಳ್ಳುತ್ತಾ. "ಬರೀರಿ. ಮೊದಲನೇ ಹೆಸರೇ ಬರೀರಿ. ಎರಡನೇದು, ಮೂರನೇದು ನನಗಾಗಲ್ಲ."

ಸೋಮವಾರ ಬೆಳಿಗ್ಗೆ ಹುಳುಗಳು ಹಣ್ಣಾದವು. ಹಾಗಂದರೆ ಮೈ ಹೊಳಪಾಗಿ, ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಜಾಗ ಹುಡುಕುವುದು. ನಂಜಪ್ಪ ಅವನ್ನೆಲ್ಲ ಗೂಡು ಕಟ್ಟುವ ಬಿದಿರು ಚಾಪೆಗಳಿಗೆ ಬಿಟ್ಟ. ಮುನ್ನೂರಕ್ಕೂ ಹೆಚ್ಚು ಹುಳು ಸತ್ತವು; ಉಳಿದವೆಲ್ಲ ಕಟ್ಟಿದವು. ಆರನೆಯ ದಿನ ಅಂಬಿಕಾ ಗೂಡುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು, ಒಳಗೆ ಹುಳು ಕೋಶವಾಗಿ ಕಟಕಟ ಅನ್ನುತ್ತಿದೆಯೇ ಅಂತ ಅಲ್ಲಾಡಿಸಿ ನೋಡಿದಳು. ಆಮೇಲೆ ಅತ್ತೆಯ ಹೆಗಲಿಗೆ ತಲೆಯಿಟ್ಟು ಚೆನ್ನಾಗಿ ಅತ್ತಳು. ಅತ್ತೆ "ಸೀರೆ ಕಣೇ, ಸೀರೆ" ಅನ್ನುತ್ತಾ ತಾವೂ ಅತ್ತರು.

ಅವಳ ಮೌಖಿಕ ಪರೀಕ್ಷೆ ಯುಗಾದಿಗೆ ಮುಂಚೆ ನಡೆಯಿತು. ನಾವೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಪರೀಕ್ಷಕರು ಪದವಿಗೆ ಶಿಫಾರಸು ಮಾಡಿದ್ದೇವೆ ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಎದ್ದು ವರಾಂಡಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಅವರು ಫೋನಿನಲ್ಲಿ ಮಾತಾಡುತ್ತಿದ್ದರು.

"ಮಾದೇವ ಅವರಾ? ನಾನಪ್ಪ, ಆಫೀಸಿನ ಕ್ಲರ್ಕು... ಹೌದು, ಅದೇ ಬೀಗದ ಕೈಯವನು. ಏನಿಲ್ಲ. ಇಲ್ಲಿ ಒಂದು ಹುಡುಗಿಯ ಹುಳು ಉಳೀತು. ನಿಮಗೆ ಹೇಳೋಣ ಅನ್ನಿಸ್ತು."

ನಂಬರನ್ನು ಅವರು ಎಂದಿನಿಂದ ಇಟ್ಟುಕೊಂಡಿದ್ದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಮುಂದಿನ ಭಾನುವಾರ ಮಾದೇವ ಅವರು ಮೂಡಲಪಾಳ್ಯಕ್ಕೆ ಬಂದರು. ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದಾರಂತೆ, ತಲೆಯೆಲ್ಲ ನರೆತಿದೆ. ಅತ್ತೆ ಊಟಕ್ಕೆ ಬಡಿಸಿದರು. ಮಾವ ಎದುರಿಗೆ ಕೂತಿದ್ದರು. ಮಜ್ಜಿಗೆ ಕುಡಿದು ಕೈ ತೊಳೆದ ಮೇಲೆ ಮಾದೇವ ಅವರೇ, "ಸಾರ್, ಹುಳ ನೋಡ್ಬೋದಾ?" ಅಂದರು. ಮಾವ ಸ್ಕೂಟರ್ ತೆಗೆದರು. ಇಬ್ಬರೂ ಹುಳುಮನೆಗೆ ಹೋದರು.